ಅರವತ್ತು ದಾಟಿದ ಮೈಗೆ ಸೈಕಲ್: ಒಬ್ಬ ಟೈಲರನ ಅಳತೆ ಲೆಕ್ಕ

ಕುಮಟಾದಲ್ಲಿ 41 ವರ್ಷ ಹೊಲಿಗೆ ಅಂಗಡಿ ನಡೆಸಿದವನು ನಾನು. ಈಗ ನನಗೆ 66. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ವರ್ಷ ಸೈಕಲ್ ಹುಚ್ಚು ಹತ್ತಿತು. ಆ ಹುಚ್ಚಿನಲ್ಲಿ ಮಾಡಿದ ಮೊದಲ ಕೆಲಸವೇ ತಪ್ಪು ಸೈಕಲ್ ಕೊಂಡದ್ದು. ಅಂಗಡಿಯವನು ಎತ್ತರ ಕೇಳಿದ. ಐದಡಿ ಆರಿಂಚು ಎಂದೆ. "ಹಾಗಾದರೆ ಮೀಡಿಯಂ" ಎಂದ. ಎತ್ತರವೊಂದನ್ನೇ ಕೇಳಿ ಪ್ಯಾಂಟಿನ ಬಟ್ಟೆಗೆ ಕತ್ತರಿ ಹಾಕುವ ಟೈಲರ್ ಸಿಕ್ಕರೆ ನಾನು ಬಟ್ಟೆ ಕಸಿದುಕೊಂಡು ಹೊರಗೆ ಬರುತ್ತೇನೆ. ಅಲ್ಲಿ ಮಾತ್ರ ತಲೆಯಾಡಿಸಿ ಹಣ ಎಣಿಸಿಕೊಟ್ಟೆ.

ಅದು ಪಂದ್ಯದವರ ಸೈಕಲ್. ಹ್ಯಾಂಡಲ್ ಸೀಟಿಗಿಂತ ನಾಲ್ಕು ಬೆರಳು ಕೆಳಗೆ. ಕುಮಟಾದಿಂದ ಮಿರ್ಜಾನ್ ಕೋಟೆಗೆ ಸುಮಾರು 11 ಕಿಲೋಮೀಟರ್, ಅಷ್ಟೇ. ದಿವಗಿ ಸೇತುವೆ ಬರುವ ಹೊತ್ತಿಗೆ ಎಡಗೈಯ ಕಿರುಬೆರಳು, ಉಂಗುರಬೆರಳು ಎರಡೂ ಜೋಮು ಹಿಡಿದಿದ್ದವು. ಕೆಳಗೆ ಅಘನಾಶಿನಿ ತುಂಬಿ ಹರಿಯುತ್ತಿತ್ತಂತೆ. ತಲೆಯೆತ್ತಿ ನೋಡಲು ಕುತ್ತಿಗೆ ಒಪ್ಪಲಿಲ್ಲ, ಮುಂದಿನ ಟೈರನ್ನೇ ನೋಡುತ್ತಾ ಸೇತುವೆ ದಾಟಿದೆ. ಆರು ತಿಂಗಳು ಹಲ್ಲು ಕಚ್ಚಿ ತುಳಿದು, ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಅಂಗಡಿಗಳಲ್ಲಿ ಇದಕ್ಕೆ ರೋಡ್ ಬೈಕ್ ಎನ್ನುತ್ತಾರೆ. ನಮ್ಮ ಕಡೆ ಬೈಕ್ ಎಂದರೆ ಪೆಟ್ರೋಲ್ ಕುಡಿಯುವಂಥದ್ದು. ಬೈಕ್ ಕೊಂಡೆ ಎಂದು ಹೇಳಿದ ದಿನ ನಮ್ಮ ಭಾವ, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯೋ ಎಂದು ಕೇಳಿದರು. ನಾನು ಸೈಕಲ್ ಎಂದೇ ಬರೆಯುತ್ತೇನೆ.

ತಪ್ಪು ಎಲ್ಲಿಯದು ಎಂಬುದು ನನಗೆ ಹೊಳೆದದ್ದು ನನ್ನದೇ ಅಳತೆ ಪುಸ್ತಕ ತಿರುವಿ ಹಾಕುವಾಗ. ಒಬ್ಬರೇ ಗಿರಾಕಿಯ ಮೂವತ್ತು ವರ್ಷದ ಅಳತೆಗಳು ಅದರಲ್ಲಿವೆ. ಪ್ಯಾಂಟಿನ ಒಳಗಾಲು ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಬದಲಾಗುವುದು ಸೊಂಟದ ಮೇಲಿನ ಮೈ: ಹೊಟ್ಟೆ ಮುಂದೆ ಬರುತ್ತದೆ, ಬೆನ್ನು ಗೂನುತ್ತದೆ, ಅಂಗಿಯ ಹಿಂಭಾಗದ ಉದ್ದ ಹೆಚ್ಚಿ ಮುಂಭಾಗದ್ದು ಕುಗ್ಗುತ್ತದೆ. ಸೈಕಲ್ಲಿಗೂ ಇದೇ ಲೆಕ್ಕ. ಮೂವತ್ತರ ಯುವಕನಿಗೂ ನನಗೂ ಸೀಟಿನ ಎತ್ತರ ಒಂದೇ ಇರಬಹುದು. ಅವನು ಬಾಗುವಷ್ಟು ನಾನು ಬಾಗಲಾರೆ, ಅವನು ಚಾಚುವಷ್ಟು ಚಾಚಲಾರೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಬಣ್ಣ, ತೂಕ, ಗೇರಿನ ಸಂಖ್ಯೆ ಆಮೇಲೆ.

ಇದಕ್ಕೆ ಎರಡು ಅಳತೆಗಳಿವೆ. ಪೆಡಲಿನ ಎರಡೂ ಕಾಲುಗಳು ಸೇರಿ ತಿರುಗುವ ಅಚ್ಚಿನ ನಡುವಿನಿಂದ ಫ್ರೇಮಿನ ಮುಂದಿನ ಕೊಳವೆಯ ಮೇಲ್ತುದಿಯವರೆಗಿನ ನೇರ ಎತ್ತರ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ ರೀಚ್. ಒಳ್ಳೆಯ ಕಂಪನಿಗಳೆಲ್ಲ ಪ್ರತಿ ಸೈಜಿಗೂ ಈ ಅಂಕಿಗಳ ಕೋಷ್ಟಕ ಕೊಟ್ಟಿರುತ್ತವೆ. ಸ್ಟ್ಯಾಕನ್ನು ರೀಚಿನಿಂದ ಭಾಗಿಸಿ. ಬಂದ ಅಂಕಿ ಹೆಚ್ಚಿದಷ್ಟೂ ಬಾಗುವುದು ಕಡಿಮೆ. ಮಾರಿದ ಸೈಕಲ್ಲಿನದು 545 ಮಿಲಿಮೀಟರಿಗೆ 385, ಅಂದರೆ 1.42. ಈಗಿನದು 575ಕ್ಕೆ 375, ಅಂದರೆ 1.53. ಪಂದ್ಯದ ಸೈಕಲ್ಲುಗಳು 1.4ರ ಆಸುಪಾಸಿನಲ್ಲಿರುತ್ತವೆ. ನಮ್ಮಂಥವರು 1.5ಕ್ಕಿಂತ ಕೆಳಗಿನದನ್ನು ಮುಟ್ಟದಿರುವುದೇ ಒಳ್ಳೆಯದು. ಹೆಚ್ಚು ಬಾಗಿಸದ ಸೈಕಲ್ಲುಗಳನ್ನು ಎಂಡ್ಯೂರೆನ್ಸ್, ಅಂದರೆ ದೂರದ ಸವಾರಿಯ, ಮಾದರಿ ಎನ್ನುತ್ತಾರೆ: ಟ್ರೆಕ್ ಡೊಮಾನೆ, ಜಯಂಟ್ ಡಿಫೈ, ಕ್ಯಾನನ್‌ಡೇಲ್ ಸಿನಾಪ್ಸ್ ಆ ಜಾತಿಯವು. ನಿಮ್ಮ ಹಣಕ್ಕೆ ಸಿಗುವುದು ಬೇರೆಯದಿದ್ದರೂ ಭಾಗಾಕಾರ ಅದೇ.

ಈ ಜಾಗದಲ್ಲಿ ನನ್ನ ಕಸುಬಿನ ಒಂದು ಮಾತು. ಬೆಳೆಯುವ ಹುಡುಗನ ಪ್ಯಾಂಟಿಗೆ ಮಡಿಕೆಯೊಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿಯುತ್ತೇವೆ, ಮುಂದಿನ ವರ್ಷ ಬಿಚ್ಚಲು. ಸೈಕಲ್ಲಿಗೂ ಅಂಥ ಮಡಿಕೆ ಉಂಟು. ಮುಂದಿನ ಚಕ್ರ ಹಿಡಿದ ಕವೆ, ಅಂದರೆ ಫೋರ್ಕಿನಿಂದ ಮೇಲೆ ಬರುವ ಕೊಳವೆಯ ಸುತ್ತ ಬಳೆಗಳಂತೆ ಸ್ಪೇಸರುಗಳಿರುತ್ತವೆ. ಅವುಗಳ ಮೇಲೆ ಸ್ಟೆಮ್ ಎಂಬ ಮುಂಚಾಚಿದ ಮೋಟು ತೋಳು, ಸ್ಟೆಮ್ಮಿಗೆ ಹ್ಯಾಂಡಲ್. ಕೆಲವು ಅಂಗಡಿಗಳಲ್ಲಿ ನೋಡಲು ಚೆಂದ ಎಂದು ಆ ಕೊಳವೆಯನ್ನು ಗಿಡ್ಡಗೆ ಕತ್ತರಿಸಿಬಿಡುತ್ತಾರೆ. ಕತ್ತರಿಸಿದ್ದು ಬಟ್ಟೆಯಾದರೂ ಉಕ್ಕಾದರೂ ಮತ್ತೆ ಕೂಡುವುದಿಲ್ಲ. "ಕತ್ತರಿಸಬೇಡಿ" ಎಂದು ಮೊದಲೇ ಹೇಳಿ. ಸ್ಪೇಸರ್ ಎಷ್ಟು ಹಾಕಬಹುದೆಂಬ ಕಂಪನಿಯ ಮಿತಿಯೊಳಗೆ ಹ್ಯಾಂಡಲನ್ನು ಸೀಟಿನ ಸಮಕ್ಕೆ ಎತ್ತಿಸಿಕೊಳ್ಳಿ. ಇನ್ನೂ ಸಾಲದಿದ್ದರೆ ಸ್ಟೆಮ್ಮನ್ನು ಮಗುಚಿ ಹಾಕಿದರೆ ಅದು ಮೇಲ್ಮುಖವಾಗುತ್ತದೆ, ಅಥವಾ 100 ಮಿಲಿಮೀಟರಿನ ಬದಲು 80ರದ್ದು ಹಾಕಿಸಿದರೆ ಹ್ಯಾಂಡಲ್ ಹತ್ತಿರ ಬರುತ್ತದೆ. ಸ್ಟೆಮ್, ಸೀಟು, ಟೈರು ಬದಲಾಯಿಸಲು ಎಂದು ಒಂದಿಷ್ಟು ಹಣವನ್ನು ಬೇರೆಯೇ ತೆಗೆದಿಡಿ. ಆಲ್ಟರೇಷನ್ ಇಲ್ಲದೆ ಮೈಗೆ ಕೂತ ರೆಡಿಮೇಡ್ ಕೋಟನ್ನು ನಾನು ನೋಡಿದ್ದೇ ಕಡಿಮೆ.

ಕೆಳಗೆ ಬಾಗಿದ ಕೊಂಬಿನ ಹ್ಯಾಂಡಲ್ ಕಂಡು ಹೆದರಬೇಡಿ. ಅದರಲ್ಲಿ ಕೈ ಇಡಲು ಮೂರು ಜಾಗಗಳಿವೆ, ಒಂದು ನೊಂದರೆ ಇನ್ನೊಂದು. ನೇರ ಹ್ಯಾಂಡಲ್ಲಿನದರಲ್ಲಿ ಒಂದೇ ಜಾಗ. ಮಾರುಕಟ್ಟೆ, ವನ್ನಳ್ಳಿ ಕಡಲತೀರ, ಮನೆ ಎಂದು ತಿರುಗುವವರಿಗೆ ನೇರ ಹ್ಯಾಂಡಲ್ ಸಾಕು. ಹೊನ್ನಾವರ ದಾಟುವ ಆಸೆ ಇದ್ದರೆ ಕೊಂಬಿನದೇ ಇರಲಿ.

ಸೀಟಿನ ಎತ್ತರಕ್ಕೆ ಒಳಗಾಲಿನ ಅಳತೆ ಬೇಕು. ಪ್ಯಾಂಟಿಗೆ ತೆಗೆದ ಅಳತೆ ನಡೆಯದು, ಅದರಲ್ಲಿ ನಾವು ಸಡಿಲ ಬಿಟ್ಟಿರುತ್ತೇವೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಟೇಪು ಬಿಡಿ. ಬಂದದ್ದನ್ನು 0.883ರಿಂದ ಗುಣಿಸಿದರೆ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ನನ್ನದು 79 ಸೆಂಟಿಮೀಟರ್, ಲೆಕ್ಕಕ್ಕೆ ಬಂದದ್ದು 69.8. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತಂದಾಗ ಮೊಣಕಾಲು ನೇರವಾಗಬೇಕು, ಸೊಂಟ ಓರೆಯಾಗಬಾರದು. ಈ ಪರೀಕ್ಷೆಯ ನಂತರ ನಾನು 69ಕ್ಕೆ ಇಳಿಸಿದೆ.

ಸೀಟಿನ ಅಗಲವನ್ನು ಅಳೆಯುವವರೇ ಇಲ್ಲ. ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆಯ ತುಂಡು ಹಾಕಿ ಎರಡು ನಿಮಿಷ ಕುಳಿತು ಏಳಿ. ಎರಡು ಗುಳಿ ಬಿದ್ದಿರುತ್ತವೆ, ಕೂರುವ ಎಲುಬುಗಳು ಅವೇ. ಗುಳಿಗಳ ನಡುವಿನ ಅಂತರಕ್ಕೆ ಎರಡು ಎರಡೂವರೆ ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ. ಮೆತ್ತಗಿರಲಿ ಎಂದು ದಪ್ಪ ಸ್ಪಂಜಿನ ಸೀಟು ಕೊಳ್ಳುವುದು ನಮ್ಮ ವಯಸ್ಸಿನವರ ದೊಡ್ಡ ತಪ್ಪು. ಎಲುಬು ಒಳಗೆ ಹೂತುಹೋಗಿ, ಭಾರವೆಲ್ಲ ನಡುವಿನ ಮೆದು ಜಾಗಕ್ಕೆ ಬೀಳುತ್ತದೆ, ಹತ್ತು ಕಿಲೋಮೀಟರಿಗೆ ಅಲ್ಲಿ ಸ್ಪರ್ಶವೇ ಇರುವುದಿಲ್ಲ. ತುಸು ಗಟ್ಟಿಯಾದ, ನಡುವೆ ಸೀಳು ಇರುವ ಸೀಟು ಮೇಲು. ಸೀಟು ಸರಿಪಡಿಸಿದ ಮೇಲೂ ಜೋಮು ಹೋಗದಿದ್ದರೆ, ಪ್ರಾಸ್ಟೇಟ್ ತೊಂದರೆ ಇದ್ದರೆ, ನಾಚಿಕೆ ಬಿಟ್ಟು ವೈದ್ಯರ ಹತ್ತಿರ ಮಾತನಾಡಿ.

ಇನ್ನು ಚಡ್ಡಿ. ಸಾಮಾನ್ಯ ಪ್ಯಾಂಟಿನ ನಾಲ್ಕು ಹೊಲಿಗೆಗಳು ಬಂದು ಸೇರುವುದು ನೀವು ಕೂರುವ ಜಾಗದಲ್ಲಿಯೇ. ಎಂಟು ಪದರ ಬಟ್ಟೆಯ ಆ ಗಂಟನ್ನು ನನ್ನ ಕೈಯಾರೆ ಸಾವಿರಾರು ಸಲ ಹೊಲಿದಿದ್ದೇನೆ, ಅದರ ಮೇಲೆ ಕುಳಿತು ತುಳಿದಾಗಲೇ ಗಿರಾಕಿಗಳ ಪಾಡು ಗೊತ್ತಾದದ್ದು. ಸೈಕಲ್ ಚಡ್ಡಿಯಲ್ಲಿ ಅಲ್ಲಿ ಮೆತ್ತೆ ಇರುತ್ತದೆ, ಹೊಲಿಗೆ ಚಪ್ಪಟೆಯಾಗಿರುತ್ತದೆ. ಒಳಚಡ್ಡಿ ಹಾಕದೆ ಅದನ್ನು ತೊಡಬೇಕು, ಇಲ್ಲವಾದರೆ ಗಂಟು ಮತ್ತೆ ಬಂತು. ನನ್ನ ಹೆಂಡತಿಗೆ ಆ ಬಿಗಿ ಚಡ್ಡಿ ಇನ್ನೂ ಒಪ್ಪಿಗೆಯಾಗಿಲ್ಲ. ಮೇಲೊಂದು ಸಡಿಲ ಬರ್ಮುಡಾ ಹಾಕಿಕೊಂಡು ಹೊರಡುತ್ತೇನೆ.

ಗೇರಿನ ವಿಷಯದಲ್ಲಿ ಸಂಖ್ಯೆ ಕೇಳಬೇಡಿ, ಹಲ್ಲು ಎಣಿಸಿ. ಮುಂದಿನ ಸಣ್ಣ ಚಕ್ರದ ಹಲ್ಲುಗಳು ಹಿಂದಿನ ದೊಡ್ಡ ಚಕ್ರದ ಹಲ್ಲುಗಳಿಗಿಂತ ಹೆಚ್ಚಿರಬಾರದು. ಮುಂದೆ 34, ಹಿಂದೆ 34 ಇದ್ದರೆ ಸರಿ. ಮುಂದೆ 30 ಆದರೆ ಇನ್ನೂ ಸುಖ. ದಿವಗಿಯಲ್ಲಿ ಶಿರಸಿ ರಸ್ತೆಗೆ ತಿರುಗಿ ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ ಶುರುವಾಗುತ್ತದೆ. ಹಳೆಯ ಸೈಕಲ್ಲಿನಲ್ಲಿ ಹಿಂದೆ 28 ಹಲ್ಲಷ್ಟೇ ಇತ್ತು. ಮೂರನೆಯ ತಿರುವಿನಲ್ಲಿ ಇಳಿದು ತಳ್ಳಿದೆ, ಮೊಣಕಾಲು ಒಂದು ವಾರ ಮಾತಾಡಿತು. ಹೊಲಿಗೆ ಯಂತ್ರ ತುಳಿದವರಿಗೆ ಇದು ತಿಳಿದ ವಿದ್ಯೆ: ಪಾದ ಹಗುರವಾಗಿ, ಬೇಗ ಬೇಗ ಆಡಬೇಕು. ಒತ್ತಿ ತುಳಿದರೆ ಸೂಜಿಯೂ ಮುರಿಯುತ್ತದೆ, ಮಂಡಿಯೂ ಮುರಿಯುತ್ತದೆ. ಪೆಡಲಿನ ಕಾಲು, ಅಂದರೆ ಕ್ರ್ಯಾಂಕ್, 170 ಮಿಲಿಮೀಟರಿನ ಬದಲು 165 ಇದ್ದರೆ ಮಂಡಿ ಅಷ್ಟು ಕಡಿಮೆ ಮಡಚುತ್ತದೆ, ಹೊಟ್ಟೆಗೂ ತಗಲುವುದಿಲ್ಲ. ಅಳತೆಯನ್ನು ಸಾಮಾನ್ಯವಾಗಿ ಕ್ರ್ಯಾಂಕಿನ ಒಳಮೈಯಲ್ಲಿ ಅಚ್ಚು ಹಾಕಿರುತ್ತಾರೆ.

ಸುಖದ ಮುಕ್ಕಾಲು ಪಾಲು ಟೈರಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ಕುಲುಕುತ್ತದೆ, ಕಾರ್ಬನ್ ಕುಲುಕುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. 23 ಮಿಲಿಮೀಟರಿನ ಟೈರು ತೆಗೆದು 32ರದ್ದು ಹಾಕಿ ನೋಡಿ, ಆಮೇಲೆ ಮಾತಾಡೋಣ. 32ರ ಟೈರಿಗೆ ಫ್ರೇಮಿನಲ್ಲಿ ಜಾಗ ಉಂಟೇ ಎಂದು ಕೊಳ್ಳುವ ಮೊದಲೇ ಕೇಳಿ, ಹಳೆಯ ಮಾದರಿಗಳಲ್ಲಿ ಬಹಳಷ್ಟರಲ್ಲಿ ಇರುವುದಿಲ್ಲ. ಟೈರಿನ ಮೇಲೆ ಬರೆದಿರುವುದು ಗಾಳಿಯ ಗರಿಷ್ಠ ಮಿತಿ, ಅಷ್ಟು ತುಂಬಬೇಕೆಂದಿಲ್ಲ. ನನ್ನ 68 ಕಿಲೋ ತೂಕಕ್ಕೆ ಮುಂದೆ 50, ಹಿಂದೆ 55 ಪಿಎಸ್ಐ ಸಾಕು. ಹೆದ್ದಾರಿ 66ರ ಅಂಚಿನಲ್ಲಿ ಮರಳು, ಜಲ್ಲಿ, ಮಲಗಿದ ದನ ಎಲ್ಲವೂ ಉಂಟು. ಬೇಸಿಗೆಯಲ್ಲಿ ಅಳ್ವೆಕೋಡಿಯ ರಸ್ತೆ ಬದಿಗೆ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿದಾಗ ಕಾರುಗಳು ಎಲ್ಲೆಂದರಲ್ಲಿ ಎಡಕ್ಕೆ ನುಗ್ಗಿ ನಿಲ್ಲುತ್ತವೆ, ನೀವು ಡಾಂಬರು ಬಿಟ್ಟು ಮಣ್ಣಿಗೆ ಇಳಿಯಲೇಬೇಕು. ಅಗಲ ಟೈರು ಅಲ್ಲಿ ಕಾಪಾಡುತ್ತದೆ.

ಬ್ರೇಕ್ ಡಿಸ್ಕ್ ಇರಲಿ, ಸಾಧ್ಯವಾದರೆ ಎಣ್ಣೆ ಒತ್ತಡದ ಹೈಡ್ರಾಲಿಕ್. ಬೆರಳ ಗಂಟು ನೋಯುವವರಿಗೆ ಒಂದೇ ಬೆರಳಲ್ಲಿ ನಿಲ್ಲುವ ಸೈಕಲ್ ಬೇಕು. ಲಿವರ್ ದೂರವೆನಿಸಿದರೆ ಹತ್ತಿರ ತರುವ ಸಣ್ಣ ತಿರುಪು ಇರುತ್ತದೆ, ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಿ.

ಹತ್ತಿ ಇಳಿಯುವುದನ್ನೂ ಪರೀಕ್ಷಿಸಿ. ಓಡುವಾಗ ಬೀಳುವುದಕ್ಕಿಂತ ನಿಂತಲ್ಲೇ ಬೀಳುವುದು ನಮಗೆ ಹೆಚ್ಚು. ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರಾಗಿದ್ದರೆ ಕಾಲು ಸುಲಭವಾಗಿ ದಾಟುತ್ತದೆ. ಷೂ ಸಿಕ್ಕಿಸುವ ಪೆಡಲ್ ನನಗೆ ಬೇಡ, ಚಪ್ಪಟೆ ಪೆಡಲಿಗೆ ಎದ್ದ ಮೊಳೆಗಳಿದ್ದರೆ ಮಳೆಯಲ್ಲೂ ಪಾದ ಜಾರುವುದಿಲ್ಲ. ಹಿಂದೆ ತಿರುಗಿ ನೋಡಲು ಕುತ್ತಿಗೆ ಬಾರದಿದ್ದರೆ ಹ್ಯಾಂಡಲಿನ ಬಲತುದಿಗೆ ಪುಟ್ಟ ಕನ್ನಡಿ ಹಾಕಿಸಿ. ಟ್ಯಾಂಕರ್‌ಗಳು ಬರುವುದು ಆ ಕಡೆಯಿಂದಲೇ.

ಕರಾವಳಿಯವರಿಗೆ ಮಾತ್ರ ಒಂದು ಮಾತು. ಉಪ್ಪುಗಾಳಿಗೆ ಉಕ್ಕಿನ ಫ್ರೇಮ್ ಬೇಗ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಇಲ್ಲಿ ಸುಲಭ. ಆದರೂ ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚದಿದ್ದರೆ ಎರಡು ಮಳೆಗಾಲದಲ್ಲಿ ಅದು ಫ್ರೇಮಿಗೆ ಕಚ್ಚಿಕೊಂಡು ಮೇಲೂ ಬಾರದು, ಕೆಳಗೂ ಹೋಗದು. ಕಡಲತೀರಕ್ಕೆ ಹೋಗಿಬಂದ ದಿನ ಸಿಹಿನೀರು ಸುರಿದು ಒರೆಸಿ ಚೈನಿಗೆ ಎಣ್ಣೆ ಬಿಡಿ.

ಅಂಗಡಿಯ ಮುಂದೆ ಎರಡು ಸುತ್ತು ಹಾಕಿ ಹಣ ಕೊಡಬೇಡಿ. ಅರ್ಧ ಗಂಟೆಯಾದರೂ ತುಳಿಯಲು ಬಿಡಿ ಎಂದು ಕೇಳಿ, ಜೋಮು ಹಿಡಿಯುವುದು ಇಪ್ಪತ್ತು ನಿಮಿಷದ ಮೇಲೆಯೇ. ಎರಡನೆಯ ಸಲ ನಾನು ನನ್ನದೇ ಟೇಪು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದೆ. ಕೆಲಸದ ಹುಡುಗ ಮುಸಿಮುಸಿ ನಕ್ಕ. ಸಂಜೆಯ ಹೊತ್ತಿಗೆ ಅವನೇ ಟೇಪಿನ ಇನ್ನೊಂದು ತುದಿ ಹಿಡಿದಿದ್ದ.

ಮನೆಗೆ ತಂದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೂ ಐದು ಮಿಲಿಮೀಟರಿನಷ್ಟು. ವಾರ ತುಳಿದು ನೋಡಿ, ಬರೆದಿಡಿ. ಸೀಟಿನ ಕಂಬಕ್ಕೆ ಇನ್ಸುಲೇಷನ್ ಟೇಪಿನ ಗುರುತು ಸುತ್ತಿ, ಮೊಮ್ಮಕ್ಕಳು ಇಳಿಸಿದರೂ ಜಾಗ ಗೊತ್ತಾಗುತ್ತದೆ. ಅಂಗಡಿಯ ಅಳತೆ ಪುಸ್ತಕದಲ್ಲಿ ಈಗ ನನ್ನದೂ ಒಂದು ಪುಟ ಇದೆ: ಸೀಟು 69, ಹ್ಯಾಂಡಲ್ ಸೀಟಿನ ಸಮ, ಸ್ಟೆಮ್ 80, ಟೈರು 32. ಕೆಳಗೆ ಮಗ ಪೆನ್ಸಿಲಿನಲ್ಲಿ ಬರೆದಿದ್ದಾನೆ: ಮುಂಗಡ ಬಂದಿಲ್ಲ.