ಹಳೆಯ ಬಡಾವಣೆಯಲ್ಲಿ ಆರು ಮನೆಗಳ ಕಟ್ಟಡ: ಮೊದಲು ಮೆಟ್ಟಿಲು ಬರೆಯಿರಿ

ಮುಂಭಾಗದ ಚಂದದ ಚಿತ್ರ ಬರೆದು, ಉಳಿದ ಮೂಲೆಯಲ್ಲಿ ಮೆಟ್ಟಿಲು ತುರುಕುವವರೇ ಹೆಚ್ಚು. ಖರ್ಚು ಕೈಮೀರುವುದು ಅಲ್ಲಿಂದಲೇ.

ಮೊದಲ ಹೆಜ್ಜೆ ಸುಲಭ. ಬೀದಿಯಲ್ಲಿ ನಡೆದು ಅಕ್ಕಪಕ್ಕದ ಮನೆಗಳ ಎತ್ತರ, ರಸ್ತೆಯಿಂದ ಬಿಟ್ಟ ಜಾಗ, ಮರ, ಚರಂಡಿಯ ಆಳ ಗುರುತು ಹಾಕಿಕೊಳ್ಳಿ. ಸ್ಥಳೀಯ ಕಟ್ಟಡ ನಿಯಮ ಓದಿ. ಮೂರು ಅಂತಸ್ತು ಸಾಕು. ಇನ್ನೂ ಮೇಲೇರಿದರೆ ಲಿಫ್ಟಿನ ನಿರ್ವಹಣೆ ಬಾಡಿಗೆದಾರರ ತಲೆಗೇ ಬರುತ್ತದೆ.

ಎರಡನೆಯದು ಮೆಟ್ಟಿಲು. ನಡುವೆ ಒಂದೇ ಮೆಟ್ಟಿಲು, ಪ್ರತಿ ಅಂತಸ್ತಿನಲ್ಲಿ ಅದರ ಎಡಬಲಕ್ಕೆ ಒಂದೊಂದು ಮನೆ. ಉದ್ದನೆಯ ಕಾರಿಡಾರ್ ಖಂಡಿತ ಬೇಡ. ಅದು ಜಾಗ ತಿನ್ನುತ್ತದೆ, ಮನೆಯ ಒಂದು ಬದಿಯ ಕಿಟಕಿಗಳನ್ನೂ ಕೊಲ್ಲುತ್ತದೆ.

ಈಗ ಲೆಕ್ಕ. ನೆಲದಿಂದ ನೆಲಕ್ಕೆ ಹತ್ತು ಅಡಿ ಇದ್ದರೆ ಆರಾರು ಇಂಚಿನ ಇಪ್ಪತ್ತು ಏರು (ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹತ್ತುವ ಎತ್ತರ). ಅರ್ಧದಲ್ಲಿ ತಿರುಗುವ ಎರಡು ಮಡಿಕೆಯಾಗಿ ಮಾಡಿದರೆ ಒಂದೊಂದರಲ್ಲಿ ಹತ್ತು ಏರು, ನಡುವೆ ಕಾಲಿಡಲು ಹತ್ತು ಇಂಚು ಅಗಲದ ಒಂಬತ್ತು ಹಲಗೆ: ಏಳೂವರೆ ಅಡಿ. ಎರಡು ತುದಿಯಲ್ಲಿ ಮೂರೂವರೆ ಅಡಿಯ ಲ್ಯಾಂಡಿಂಗ್ (ನಿಂತು ತಿರುಗುವ ಸಮತಟ್ಟು ಜಾಗ) ಸೇರಿಸಿದರೆ ಉದ್ದ ಹದಿನಾಲ್ಕೂವರೆ ಅಡಿ. ಇದನ್ನು ನಕ್ಷೆಯಲ್ಲಿ ಕೂರಿಸಿದ ಮೇಲೆಯೇ ಕೋಣೆಗಳ ಮಾತು.

ಎಡವುವುದು ಎರಡು ಕಡೆ. ನಡುವಿನ ಲ್ಯಾಂಡಿಂಗ್ ಇರುವುದು ಐದು ಅಡಿ ಎತ್ತರದಲ್ಲಿ. ಅದರ ಕೆಳಗೇ ಮುಖ್ಯ ಬಾಗಿಲಿಟ್ಟರೆ ಬಂದವರೆಲ್ಲ ತಲೆ ಚಚ್ಚಿಕೊಳ್ಳುತ್ತಾರೆ. ಪ್ರವೇಶವನ್ನು ಎದುರು ತುದಿಗೆ ಒಯ್ಯಿರಿ. ಇನ್ನೊಂದು, ನೆಲಹಾಸಿನ ದಪ್ಪ. ಅದನ್ನು ಲೆಕ್ಕ ಹಿಡಿಯದೆ ಕಾಂಕ್ರೀಟ್ ಹಾಕಿದರೆ ಮೊದಲ, ಕೊನೆಯ ಏರುಗಳು ಉಳಿದವಕ್ಕೆ ಹೊಂದುವುದಿಲ್ಲ. ಒಂದು ಇಂಚಿನ ವ್ಯತ್ಯಾಸವೂ ಕತ್ತಲಲ್ಲಿ ಕಾಲು ತಪ್ಪಿಸುತ್ತದೆ.

ಬಚ್ಚಲು, ಅಡುಗೆಮನೆ ಎರಡನ್ನೂ ಡಕ್ಟ್‌ಗೆ (ಪೈಪುಗಳು ಮೇಲಿಂದ ಕೆಳಗಿಳಿಯುವ ಕಿರಿದಾದ ಜಾಗ) ಒತ್ತಿ, ಅಂತಸ್ತಿನ ಮೇಲೆ ಅಂತಸ್ತು ನೇರವಾಗಿ ಇಡಿ. ಡಕ್ಟ್‌ನಲ್ಲಿ ಒಬ್ಬ ನಿಂತು ಕೆಲಸ ಮಾಡುವಷ್ಟು ಅಗಲವಿರಲಿ, ಬಾಗಿಲು ಲ್ಯಾಂಡಿಂಗ್ ಕಡೆಗಿರಲಿ. ಗೋಡೆಯೊಳಗೆ ಹೂತ ಪೈಪು ಸೋರಿದರೆ ಟೈಲ್ಸ್ ಒಡೆಯದೆ ದಾರಿಯಿಲ್ಲ. ತೆಳು ಪೈಪಿನ ಅಗ್ಗದ ಮಾಲನ್ನು ನಾನಂತೂ ಮುಟ್ಟುವುದಿಲ್ಲ. ಅದರಲ್ಲಿ ಮೇಲಿನ ಮನೆಯ ಫ್ಲಶ್ ಸದ್ದು ಕೆಳಗಿನವರ ನಿದ್ದೆಗೆಡಿಸುತ್ತದೆ.

ಕಿಟಕಿಗಳನ್ನು ಪಕ್ಕದ ಮನೆಯ ಕಿಟಕಿಗೆ ಎದುರಾಗದಂತೆ ಸರಿಸಿ. ಸರಿಸಲಾಗದಿದ್ದರೆ ಕೋಣೆಯ ನೆಲದಿಂದ ಐದೂವರೆ ಅಡಿ ಮೇಲಿಡಿ.

ವಾಹನಕ್ಕೆಂದು ಇಡೀ ನೆಲಮಹಡಿಯನ್ನು ಬರಿ ಕಂಬಗಳ ಮೇಲೆ ನಿಲ್ಲಿಸುವ ಸುಲಭದ ದಾರಿಯನ್ನು ಗುತ್ತಿಗೆದಾರರು ಹೇಳುತ್ತಾರೆ. ಭೂಕಂಪದಲ್ಲಿ ಕಟ್ಟಡ ಮೊದಲು ಕುಸಿಯುವುದು ಆ ಮಹಡಿಯಲ್ಲೇ. ಅಲ್ಲಿ ಗಟ್ಟಿ ಗೋಡೆಗಳು ಬೇಕು. ಎಲ್ಲಿ, ಎಷ್ಟು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನಿರ್ಧರಿಸಲಿ. ನಡುವಿನ ಲ್ಯಾಂಡಿಂಗ್ ಕೆಳಗೆ ಉಳಿದ ಜಾಗವನ್ನು ಸೈಕಲ್‌ಗೆ ಬಿಡಿ. ಮೀಟರ್ ಪೆಟ್ಟಿಗೆ, ಕಸದ ಡಬ್ಬಿಗೆ ಗೇಟಿನ ಪಕ್ಕವೇ ಸರಿ, ಅದೂ ನಕ್ಷೆಯಲ್ಲೇ.