ಅಂಬರ್ ಮಾಲೆಯನ್ನು ಜೋಪಾನ ಮಾಡುವುದು ಹೇಗೆ?

ಹೋದ ವರ್ಷ ಮದುವೆಯೊಂದಕ್ಕೆ ಹೊರಡುವ ಗಡಿಬಿಡಿ. ಅಂಬರ್ ಮಾಲೆ ಹಾಕಿಕೊಂಡು ಅದರ ಮೇಲೇ ಸೆಂಟು ಹೊಡೆದುಕೊಂಡೆ. ಮರುದಿನ ನೋಡಿದರೆ ಮೂರು ಮಣಿಗಳ ಹೊಳಪು ಮಾಸಿತ್ತು. ಎಷ್ಟು ಒರೆಸಿದರೂ ಮರಳಲಿಲ್ಲ. ಅಂಬರನ್ನು ನಾವು ಕಲ್ಲು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಕಲ್ಲಲ್ಲ. ಮರದಿಂದ ಒಸರಿದ ಅಂಟು, ಅಂದರೆ ರಾಳ, ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದು ಗಟ್ಟಿಯಾದದ್ದು. ಆರೈಕೆಯ ಗುಟ್ಟೆಲ್ಲ ಇಲ್ಲೇ ಇದೆ.

ಮಾರುಕಟ್ಟೆಯ ಅಂಬರಿನಲ್ಲಿ ಜಾಸ್ತಿ ಪಾಲು ಬಾಲ್ಟಿಕ್ ಕಡಲ ಕರಾವಳಿಯದು: ರಷ್ಯಾದ ಕಲಿನಿನ್‌ಗ್ರಾಡ್, ಪೋಲೆಂಡ್, ಲಿಥುವೇನಿಯಾ. ವಯಸ್ಸು ಸುಮಾರು 4 ಕೋಟಿ ವರ್ಷ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಇನ್ನೂ ಹಳೆಯದು, ಸುಮಾರು 5 ಕೋಟಿ ವರ್ಷದ್ದು ಸಿಕ್ಕಿದೆ. ಅದರೊಳಗೆ ನೂರಾರು ಕೀಟಗಳು ಹಾಗೇ ಉಳಿದಿವೆ. ಆ ಅಂಟು ಒಸರಿದ ಮರಗಳು ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೇ ಸೇರಿದವು. ಘಟ್ಟದ ಕಾಡಿನಲ್ಲಿ ರಾಳ ಮುಟ್ಟಿ ನೋಡಿದವರಿಗೆ ಅಂಬರ್ ದೂರದ ನೆಂಟನೇ ಸರಿ.

ಬಟ್ಟೆಗೆ ಉಜ್ಜಿದರೆ ಅಂಬರ್ ಹುಲ್ಲಿನ ಎಳೆಯನ್ನು ಸೆಳೆಯುತ್ತದೆ. ಅದಕ್ಕೇ ಸಂಸ್ಕೃತದಲ್ಲಿ ತೃಣಮಣಿ, ಪಾರ್ಸಿಯಲ್ಲಿ ಹುಲ್ಲು ಸೆಳೆಯುವುದು ಎಂಬ ಅರ್ಥದ ಕಹರುಬಾ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದರು. ಇಂದಿನ ಎಲೆಕ್ಟ್ರಿಸಿಟಿ ಎಂಬ ಪದ ಹುಟ್ಟಿದ್ದು ಅಲ್ಲಿಂದ.

ತಿಬೇಟಿಯನ್ನರು ಇದನ್ನು ಪೋಶೆಲ್, ಅಂದರೆ ಧೂಪದ ಹರಳು ಎನ್ನುತ್ತಾರೆ. ಹವಳ, ಫಿರೋಜಾ ಜೊತೆ ಪೋಣಿಸಿ ಧರಿಸುತ್ತಾರೆ, ಜಪಮಾಲೆಗೂ ಬಳಸುತ್ತಾರೆ. ಬೈಲುಕುಪ್ಪೆಯ ತಿಬೇಟಿ ಅಜ್ಜಿಯರ ಕೊರಳಲ್ಲಿ ಇಂಥ ದಪ್ಪ ಹಳದಿ ಮಣಿ ಕಾಣಬಹುದು. ಮುಸ್ಲಿಮರ ಜಪಮಾಲೆಯಾದ ತಸ್ಬೀಗೂ ಅಂಬರ್ ಮಣಿ ಬಲು ಪ್ರಿಯ. ಬೆರಳಿಗೆ ತಣ್ಣಗೆ ತಾಗುವುದಿಲ್ಲ, ಭಾರವಿಲ್ಲ. ಗಂಟೆಗಟ್ಟಲೆ ಎಣಿಸುವ ಕೈಗೆ ಅದು ಎಷ್ಟು ಹಿತ ಎಂದು ಹಿಡಿದೇ ನೋಡಬೇಕು.

ಮೊದಲು ನಿಮ್ಮದು ಅಸಲಿಯೇ ನೋಡಿ. ಒಂದು ಲೋಟ ನೀರಿಗೆ ಏಳೆಂಟು ಟೀ ಚಮಚ ಉಪ್ಪು ಹಾಕಿ ಪೂರ್ತಿ ಕರಗಿಸಿ. ದಾರದಿಂದ ತೆಗೆದ ಒಂದು ಮಣಿಯನ್ನು ಅದರಲ್ಲಿ ಹಾಕಿ. ಅಂಬರ್ ತೇಲುತ್ತದೆ. ಗಾಜು, ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುಳುಗುತ್ತವೆ. ಆದರೆ ಕೆಲವು ಪ್ಲಾಸ್ಟಿಕ್ಕೂ ತೇಲುತ್ತದೆ, ಕೋಪಲ್ ಎಂಬ ಎಳೆಯ ರಾಳವೂ ತೇಲುತ್ತದೆ. ಹಾಗಾಗಿ ಮುಳುಗಿದ್ದು ಅಂಬರ್ ಅಲ್ಲ ಎಂದಷ್ಟೇ ಇದರಿಂದ ಗೊತ್ತಾಗುತ್ತದೆ. ಆಮೇಲೆ ಸಾದಾ ನೀರಲ್ಲಿ ತೊಳೆಯಿರಿ. ಬಿಸಿ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಮಣಿ ಸುಮ್ನೆ ಹಾಳಾಗುತ್ತದೆ.

ಇನ್ನು ದಿನದ ಆರೈಕೆ. ಸೆಂಟು, ಕ್ರೀಮು, ಹೇರ್ ಸ್ಪ್ರೇ ಎಲ್ಲ ಮುಗಿದ ಮೇಲೆ ಕೊನೆಗೆ ಮಾಲೆ ಹಾಕಿಕೊಳ್ಳಿ. ಬಿಚ್ಚುವಾಗ ಮೊದಲು ಬಿಚ್ಚಿ. ಸ್ಯಾನಿಟೈಸರ್, ಉಗುರುಬಣ್ಣ ತೆಗೆಯುವ ದ್ರಾವಣ ತಾಗದಿರಲಿ. ಬೆವರು ಅಂಟಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಟೂತ್‌ಪೇಸ್ಟ್, ಬೂದಿ, ಸೀಗೆಪುಡಿ ಬೇಡ, ಗೀರು ಬೀಳುತ್ತದೆ. ಆಭರಣದಂಗಡಿಯಲ್ಲಿ ಕಂಪನದಿಂದ ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೂ ಕೊಡಬೇಡಿ.

ಒಲೆಯ ಹತ್ತಿರ, ಬಿಸಿಲು ಬೀಳುವ ಕಿಟಕಿ, ಕಾರಿನ ಕನ್ನಡಿ, ಇಲ್ಲೆಲ್ಲ ತೂಗುಹಾಕಬೇಡಿ. ಬಿಸಿಗೆ ಕೂದಲೆಳೆಯಂಥ ಬಿರುಕು ಬರುತ್ತದೆ. ಚಿನ್ನ, ವಜ್ರದ ಜೊತೆ ಒಂದೇ ಡಬ್ಬಿಯಲ್ಲಿ ಇಡದೆ ಪ್ರತ್ಯೇಕ ಬಟ್ಟೆಚೀಲದಲ್ಲಿಡಿ. ವರ್ಷ ಕಳೆದಂತೆ ಬಣ್ಣ ಕೆಂಪಗಾದರೆ ಗಾಬರಿ ಬೇಡ, ಅದು ಅದರ ಸಹಜ ಗುಣ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಲ್ಲು ಬರುವ ನೋವಿಗೆಂದು ಕೂಸುಗಳಿಗೆ ಅಂಬರ್ ಸರ ಕಟ್ಟುವ ರೂಢಿ ಈಗ ಆನ್‌ಲೈನ್‌ನಲ್ಲಿ ಹಬ್ಬಿದೆ. ಅದರಿಂದ ನೋವು ಕಡಿಮೆಯಾಗುತ್ತದೆ ಎನ್ನಲು ಆಧಾರವಿಲ್ಲ. ಅಮೆರಿಕದಲ್ಲಿ ನಿದ್ದೆಯಲ್ಲಿದ್ದ 18 ತಿಂಗಳ ಮಗುವೊಂದು ಇಂಥ ಸರ ಕುತ್ತಿಗೆಗೆ ಬಿಗಿದು ತೀರಿಕೊಂಡಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ಕೊಟ್ಟಿತು. ದಯವಿಟ್ಟು ಮಗುವಿಗೆ ಕಟ್ಟಬೇಡಿ.

ದಾರ ಸವೆದಂತೆ ಕಂಡರೆ ತಡಮಾಡದೆ ರೇಷ್ಮೆ ದಾರದಲ್ಲಿ ಮತ್ತೆ ಪೋಣಿಸಿ. ಪ್ರತಿ ಮಣಿಯ ನಡುವೆ ಗಂಟು ಹಾಕಿಸಿ. ದಾರ ಹರಿದರೂ ಮಣಿಗಳೆಲ್ಲ ಚೆಲ್ಲಾಪಿಲ್ಲಿಯಾಗುವುದಿಲ್ಲ, ಒಂದಕ್ಕೊಂದು ಉಜ್ಜುವುದೂ ಇಲ್ಲ.