ಕಾಲು ಕುಣಿದರೆ ಮೊದಲು ಪೈಪು ನೋಡಿ

"ಮೇಡಂ, ಮಗನ ಕಾಲು ಬಂತು! ಬೇಗ ಬನ್ನಿ!"

ಫೋನಿನಲ್ಲಿ ಆ ಅಮ್ಮ ಅಳುತ್ತಿದ್ದರು, ಖುಷಿಗೆ. ಮಗ ಕೊನೆಗಾರ. ತೀರ್ಥಹಳ್ಳಿ ಕಡೆಯ ತೋಟವೊಂದರಲ್ಲಿ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಎದೆಯ ನಡುವಿನಿಂದ ಕೆಳಗೆ ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ಐದು ವಾರ ಕಾಲುಗಳು ಬಾಳೆದಿಂಡಿನ ಹಾಗೆ ಬಿದ್ದಿದ್ದವು. ಅವತ್ತು ಬೆಳಿಗ್ಗೆ ಹೆಂಡತಿ ಕಂಬಳಿ ಎಳೆದಾಗ ಬಲಗಾಲು ತಾನೇ ಮಡಚಿಕೊಂಡಿತಂತೆ.

ನಾನು ಫಿಸಿಯೋಥೆರಪಿ ಶುರು ಮಾಡಿ ಹದಿನಾಲ್ಕು ವರ್ಷ ಆಯಿತು. ಇಂಥ ಫೋನು ಬಂದಾಗಲೆಲ್ಲ ನನಗೆ ಸಂಕಟ. ಬೆನ್ನುಹುರಿಗೆ ದೊಡ್ಡ ಪೆಟ್ಟು ಬಿದ್ದರೆ ಅದರ ಕೆಳಗಿನ ರಿಫ್ಲೆಕ್ಸ್‌ಗಳೆಲ್ಲ, ಅಂದರೆ ನಾವು ಹೇಳದೆ ತಾವೇ ಆಗುವ ಚಲನೆಗಳೆಲ್ಲ, ಕೆಲವು ದಿನ, ಕೆಲವು ವಾರ ಸತ್ತಂತೆ ಮಲಗುತ್ತವೆ. ಆಮೇಲೆ ಎದ್ದು ಬರುತ್ತವೆ, ಮೊದಲಿಗಿಂತ ಜೋರಾಗಿ. ಅವಕ್ಕೆ ಲಗಾಮು ಹಾಕುತ್ತಿದ್ದ ಮೆದುಳಿನ ಮಾತು ಈಗ ಕೆಳಗೆ ಇಳಿಯುವುದಿಲ್ಲ, ಅಲ್ವಾ? ಮನೆಯವರಿಗೆ ಮಾತ್ರ ಅದು ಕಾಲು ಬಂದ ಹಾಗೇ ಕಾಣುತ್ತದೆ.

ಇದನ್ನು ಬಾಯಿಮಾತಲ್ಲಿ ಹೇಳಿ ಎಷ್ಟೋ ಸಲ ಸೋತಿದ್ದೇನೆ. ಅವತ್ತು ಅಮ್ಮನನ್ನೇ ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಲು ಹೇಳಿ, ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದೆ. ಏನೂ ಆಗಲಿಲ್ಲ! ಹೆದರಿ ಕಾಲು ಬಿಗಿಹಿಡಿದಿದ್ದರು. "ಎರಡೂ ಕೈ ಬೆರಳು ಕೊಂಡಿ ಹಾಕಿ ಜೋರಾಗಿ ಎಳೀರಿ" ಅಂದೆ. 19ನೇ ಶತಮಾನದಲ್ಲಿ ಯೆಂಡ್ರಾಸಿಕ್ ಎಂಬ ಹಂಗೇರಿಯ ವೈದ್ಯರು ಹೇಳಿಕೊಟ್ಟ ಉಪಾಯ ಇದು, ಇವತ್ತಿಗೂ ಕೈಕೊಡುವುದು ಕಡಿಮೆ. ಮತ್ತೆ ತಟ್ಟಿದೆ. ಕಾಲು ಟಕ್ಕನೆ ಮುಂದಕ್ಕೆ ಹಾರಿತು.

"ನೀವು ಎತ್ತಿದ್ರಾ ಅಮ್ಮ?"

"ಇಲ್ಲಪ್ಪ, ಅದೇ ಹೋಯ್ತು."

ತಟ್ಟಿದಾಗ ತೊಡೆಯ ಮುಂದಿನ ಸ್ನಾಯು ಒಂಚೂರು ಎಳೆದಂತಾಗುತ್ತದೆ. ಸ್ನಾಯುವಿನ ಒಳಗೇ ಇರುವ ಸಣ್ಣ ಎಳೆಗಳು ಆ ಎಳೆತವನ್ನು ಹಿಡಿದು ಬೆನ್ನುಹುರಿಗೆ ಸುದ್ದಿ ಕೊಡುತ್ತವೆ. ಅಲ್ಲಿಂದಲೇ "ಬಿಗಿ" ಎಂಬ ಆಜ್ಞೆ ವಾಪಸ್ ಬರುತ್ತದೆ. ತೊಡೆಯ ಹಿಂದಿನ ಸ್ನಾಯುವಿಗೆ ಕೆಲಸ ಕೊಡುವ ನರಕೋಶವನ್ನು ಅದೇ ಹೊತ್ತಿಗೆ ಬೆನ್ನುಹುರಿಯಲ್ಲೇ ಸುಮ್ಮನಾಗಿಸಲಾಗುತ್ತದೆ. ಮೆದುಳಿಗೆ ಗೊತ್ತಾಗುವಷ್ಟರಲ್ಲಿ ಕಾಲು ಹಾರಿ ಆಗಿರುತ್ತದೆ. ಮಗನಿಗೆ ಕಂಬಳಿ ತಾಗಿದ್ದು ಚರ್ಮಕ್ಕೆ, ಆ ದಾರಿ ಇನ್ನೂ ಸುತ್ತುಬಳಸು. ಆದರೂ ತೀರ್ಮಾನ ಆಗಿದ್ದು ಬೆನ್ನುಹುರಿಯಲ್ಲೇ.

ಅಮ್ಮ ಸ್ವಲ್ಪ ಹೊತ್ತು ತಮ್ಮ ಮಂಡಿಯನ್ನೇ ನೋಡಿದರು. "ಹಂಗಾದ್ರೆ ಕಾಲು ಬಂದಿಲ್ವಾ?" ಎಂದರು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಅಲ್ಲಿಂದ ಬಿಗಿತದ ಜೊತೆ ಗುದ್ದಾಟ. ಹೊಸಬಳಾಗಿದ್ದಾಗ ನಾನು ಬಿಗಿದ ಪಾದವನ್ನು ರಪ್ಪನೆ ಮೇಲಕ್ಕೆ ತಳ್ಳುತ್ತಿದ್ದೆ. ಪಾದ ಪಟಪಟ ಬಡಿದುಕೊಳ್ಳುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಎಷ್ಟು ಎಳೆದಿರಿ ಅನ್ನುವುದಷ್ಟೇ ಅಲ್ಲ, ಎಷ್ಟು ಬೇಗ ಎಳೆದಿರಿ ಅನ್ನುವುದೂ ಸ್ನಾಯುವಿಗೆ ಗೊತ್ತಾಗುತ್ತದೆ. ಈಗ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ತಳ್ಳುತ್ತೇನೆ, ಒಂದು ನಿಮಿಷ ಹಾಗೇ ಹಿಡಿಯುತ್ತೇನೆ. ಮೀನಖಂಡ ಕೈಯೊಳಗೇ ಸಡಿಲ ಆಗುವುದು ತಿಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಒಂದು ದಿನ ಎಡವಿದೆ. ಅವತ್ತು ಆ ಕೊನೆಗಾರನ ಕಾಲು ಎಷ್ಟು ಹಿಡಿದರೂ ಬಗ್ಗಲಿಲ್ಲ. ಹದಿನೈದು ನಿಮಿಷ ಕಾಲಿನ ಜೊತೆಗೇ ಹೋರಾಡಿದೆ. ಆಮೇಲೆ ಆತ "ಮೇಡಂ, ತಲೆ ಸಿಡೀತಿದೆ" ಎಂದ. ಮುಖ ಕೆಂಪು, ಹಣೆಯಲ್ಲಿ ಬೆವರು. ಎದೆಯಿಂದ ಕೆಳಗೆ ಮೈ ಒಣಗಿತ್ತು, ತಣ್ಣಗಿತ್ತು. ಬಿಪಿ 180/100! ಆತನದ್ದು ಮೇಲಿನ ಅಂಕಿ ಯಾವಾಗಲೂ 100ರ ಆಸುಪಾಸು. ನಾಡಿ ಮಾತ್ರ 54.

ಮಲಗಿಸೋಣ ಅಂತ ಕೈ ಹೋಯಿತು. ತಡೆದುಕೊಂಡೆ. ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ನೆಟ್ಟಗೆ ಕೂರಿಸಿ ಯೂರಿನ್ ಬ್ಯಾಗ್ ನೋಡಿದೆ. ಖಾಲಿ. ಮೂತ್ರ ಇಳಿಯುವ ಪೈಪು ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದ ತಕ್ಷಣ ಹರಿಯತೊಡಗಿ ಸುಮಾರು 700 ಮಿಲಿ ಬಂತು. ಕಾಲು ಗಂಟೆಯಲ್ಲಿ ಬಿಪಿಯೂ ಇಳಿಯಿತು, ಕಾಲೂ ಬಗ್ಗಿತು. ಇಳಿಯದಿದ್ದರೆ ನೇರ ಆಸ್ಪತ್ರೆಗೆ ಓಡಬೇಕಿತ್ತು. ಇದು ಜೀವಕ್ಕೇ ಕುತ್ತು ತರುವ ಸಂಗತಿ.

ಆಗಿದ್ದಿಷ್ಟು. ಮೂತ್ರಕೋಶದ ಗೋಡೆ, ರಕ್ತನಾಳದ ಗೋಡೆ, ಕರುಳು ಇವೆಲ್ಲ ನಯ ಸ್ನಾಯು, ನಮ್ಮ ಇಷ್ಟಕ್ಕೆ ಕಾಯದೆ ತಾನೇ ಕೆಲಸ ಮಾಡುವ ಸ್ನಾಯು. ತೊಡೆಯ ಸ್ನಾಯುವಿಗೆ ಬರುವ ನರಕ್ಕೆ "ಬಿಗಿ" ಅನ್ನುವ ಒಂದೇ ಮಾತು ಗೊತ್ತು, ಬೇಡ ಅನ್ನುವುದೆಲ್ಲ ಬೆನ್ನುಹುರಿಯಲ್ಲೇ ಮುಗಿಯುತ್ತದೆ. ಮೂತ್ರಕೋಶಕ್ಕೆ ಹಾಗಲ್ಲ. ಅದಕ್ಕೆ ಬಿಗಿ ಅನ್ನುವ ನರ ಬೇರೆ, ಸಡಿಲ ಬಿಡು ಅನ್ನುವ ನರ ಬೇರೆ. ಅವತ್ತು ತುಂಬಿ ಉಬ್ಬಿದ ಮೂತ್ರಕೋಶದ ಕೂಗು ಪೆಟ್ಟಾದ ಜಾಗದವರೆಗೆ ಏರಿತು. ದಾರಿಯಲ್ಲಿ ಕಾಲಿನ ಸ್ನಾಯುಗಳನ್ನೂ ಎಬ್ಬಿಸಿತು, ರಕ್ತನಾಳಗಳನ್ನೂ ಹಿಂಡಿತು. ಬಿಪಿ ಏರಿದ್ದು ಮೆದುಳಿಗೆ ತಿಳಿಯಿತು. ಆದರೆ ಅದರ "ಸಡಿಲ ಮಾಡಿ" ಅನ್ನುವ ಮಾತು ಪೆಟ್ಟಿನ ಕೆಳಗೆ ಇಳಿಯಲಿಲ್ಲ. ಅದಕ್ಕೇ ಮೇಲೆ ಮುಖ ಕೆಂಪು, ಕೆಳಗೆ ಮೈ ತಣ್ಣಗೆ. ಹೃದಯವನ್ನು ನಿಧಾನ ಮಾಡುವ ನರ ಬೆನ್ನುಹುರಿ ಮುಟ್ಟದೆ ತಲೆಯಿಂದ ನೇರ ಇಳಿಯುವುದರಿಂದ ನಾಡಿ ಮಾತ್ರ ನಿಧಾನ ಆಯಿತು. ಬೆನ್ನುಹುರಿಯ ಎದೆಭಾಗದ 6ನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇದಕ್ಕೆ ಯಾವಾಗಲೂ ಎಚ್ಚರವಾಗಿರಬೇಕು.

ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹದಿನೈದು ನಿಮಿಷ ತಲೆಗೆ ಹೊಳೆಯಲಿಲ್ಲ. ಕಾಲಿನ ಬಿಗಿತ ಕಾಲಿನದ್ದೇ ಅಂದುಕೊಂಡಿದ್ದೆ, ಅಷ್ಟೇ.

ಈಗ ಬಿಗಿತ ಎಂದಿಗಿಂತ ಜಾಸ್ತಿ ಇದ್ದರೆ ಕಾಲು ಮುಟ್ಟುವ ಮೊದಲು ಪೈಪು, ಹೊಟ್ಟೆ, ಬೆನ್ನಿನ ಕೆಳಗಿನ ಹುಣ್ಣು, ಕಾಲ್ಬೆರಳ ಉಗುರು, ಬಿಗಿ ಚಡ್ಡಿ ಎಲ್ಲ ನೋಡುತ್ತೇನೆ. ಆಮೇಲೆ ವೈದ್ಯರು ಖಾಯಂ ಪೈಪು ತೆಗೆಸಿದರು. ನಾಲ್ಕು ಗಂಟೆಗೊಮ್ಮೆ ತಾನೇ ಸಣ್ಣ ಪೈಪು ಹಾಕಿ ಖಾಲಿ ಮಾಡುವುದನ್ನು ಆತ ಕಲಿತ. ಕರುಳಿನ ಕೆಲಸ ಇದಕ್ಕಿಂತ ಸುಲಭ. ಅದರ ಗೋಡೆಯಲ್ಲೇ ಸ್ವಂತ ನರಗಳ ಬಲೆ ಇದೆ. ಹೊಟ್ಟೆಗೆ ಊಟ ಬಿದ್ದರೆ ದೊಡ್ಡ ಕರುಳು ತಾನೇ ಅಲ್ಲಾಡುತ್ತದೆ. ಹಾಗಾಗಿ ಬೆಳಿಗ್ಗೆ ತಿಂಡಿ, ಕಾಫಿ ಆಗಿ ಅರ್ಧ ಗಂಟೆಗೆ ಕಮೋಡ್ ಕುರ್ಚಿ. ದಿನವೂ ಅದೇ ಹೊತ್ತು.

ಮೊನ್ನೆ ಹೋಗಿದ್ದಾಗ ಎಡಗಾಲು ಪಟಪಟ ಕುಣಿಯಿತು. ನಾನು ಪಾದ ಹಿಡಿಯುವ ಮೊದಲೇ ಅಡುಗೆಮನೆಯಿಂದ ಅಮ್ಮನ ಕೂಗು: "ಗಂಟೆ ಎಷ್ಟಾತು ನೋಡೋ, ಪೈಪು ಹಾಕೋ ಹೊತ್ತಲ್ವೇನೋ!"

ಹತ್ತು ನಿಮಿಷ ತಡವಾಗಿತ್ತು.